ಕೊಳಗ ಈಗ ಯಾರ ಕೈಯಲ್ಲಿದೆ?

ಗಿರಣಿಯ ಕೆಲಸಗಾರ ಬಂಧುಗಳೇ, ಅಂಗಡಿ ಬೀದಿಯ ಮಿತ್ರರೇ,

2025ರ ನವೆಂಬರ್ ತಿಂಗಳಲ್ಲಿ ನಮ್ಮ ನಾಡಿನ ಮಾರುಕಟ್ಟೆಗಳಲ್ಲಿ ಮೆಕ್ಕೆಜೋಳದ ಬೆಲೆ ಕ್ವಿಂಟಾಲಿಗೆ 1,600ರಿಂದ 1,800 ರೂಪಾಯಿಗಳವರೆಗೆ ಕುಸಿಯಿತು. ಅದೇ ಹಂಗಾಮಿಗೆ ಕೇಂದ್ರ ಸರಕಾರ ಸಾರಿದ್ದ ಬೆಂಬಲ ಬೆಲೆ 2,400 ರೂಪಾಯಿ. ಸಾರಿದ ಬೆಲೆಗೂ ಸಿಕ್ಕ ಬೆಲೆಗೂ ನಡುವೆ ಒಂದೊಂದು ಕ್ವಿಂಟಾಲಿಗೆ ಆರುನೂರರಿಂದ ಎಂಟುನೂರು ರೂಪಾಯಿ ಮಾಯವಾಯಿತು. ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತರು. ರಾಜ್ಯದ ಮುಖ್ಯಮಂತ್ರಿಗಳು ಪ್ರಧಾನಮಂತ್ರಿಗಳಿಗೆ ಪತ್ರ ಬರೆದರು. ಖರೀದಿಯ ಆದೇಶ ಹೊರಟಾಗಲೂ ಒಬ್ಬ ರೈತನಿಂದ ಇಂತಿಷ್ಟೇ ಎಂಬ ಮಿತಿ ಅದರ ಬೆನ್ನಿಗಿತ್ತು. ಸಾಲದ ಕಂತು ಪತ್ರವ್ಯವಹಾರ ಮುಗಿಯಲೆಂದು ಕಾಯುವುದಿಲ್ಲ. ಕಣದಲ್ಲಿ ಕಾಳು ಇಟ್ಟುಕೊಂಡು ಕೂರಲಾರದ ಸಣ್ಣ ರೈತ ಸಿಕ್ಕ ಬೆಲೆಗೆ ಸುರಿದು ಮನೆಗೆ ಹೋಗುತ್ತಾನೆ.

ಈ ಮಾತನ್ನು ಪೇಟೆಯಲ್ಲಿ ಎತ್ತಿದಾಗಲೆಲ್ಲ ನನಗೆ ಎರಡು ಉತ್ತರ ದೊರೆಯುತ್ತವೆ. ಮೊದಲನೆಯದು: "ರೈತನಿಗೇನು ಕಡಿಮೆ? ಆದಾಯ ತೆರಿಗೆಯಿಲ್ಲ, ಪಂಪ್‌ಸೆಟ್ಟಿಗೆ ಪುಕ್ಕಟೆ ವಿದ್ಯುತ್ತು, ಗೊಬ್ಬರಕ್ಕೆ ಸಹಾಯಧನ. ಟ್ರ್ಯಾಕ್ಟರು ಬಂದಿದೆ, ಹೊಸ ಬೀಜ ಬಂದಿದೆ, ಇಳುವರಿ ಏರಿದೆ." ಎರಡನೆಯದು: "ರೈತನ ಬೆಲೆ ಏರಿದರೆ ನಮ್ಮ ತಟ್ಟೆಯ ಅನ್ನ ತುಟ್ಟಿಯಾಗುತ್ತದೆ. ಅವನ ಲಾಭ ನಮಗೆ ನಷ್ಟ." ಈ ಎರಡನೆಯ ಮಾತನ್ನು ಗಿರಣಿ ಮಾಲೀಕರೂ ಸಗಟು ದಾಸ್ತಾನುಗಾರರೂ ಬಹಳ ಪ್ರೀತಿಯಿಂದ ನಿಮ್ಮ ಕಿವಿಯಲ್ಲಿ ಊದುತ್ತಾರೆ. ಎರಡಕ್ಕೂ ಉತ್ತರ ಕೊಡುವುದು ಈ ಲೇಖನದ ಉದ್ದೇಶ.

ಕಾಗೋಡಿನ ಕೊಳಗ

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಜಗಳ ಹತ್ತಿದ್ದು ಒಂದು ಕೊಳಗದಿಂದ. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಒಡೆಯರು ವಾಡಿಕೆಗಿಂತ ದೊಡ್ಡ ಕೊಳಗವನ್ನು ಇಟ್ಟುಕೊಂಡಿದ್ದರು. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಅದನ್ನು ಪ್ರಶ್ನಿಸಿತು. ಸಮಾಜವಾದಿ ಪಕ್ಷ ಹೆಗಲು ಕೊಟ್ಟಿತು. ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಡಾ. ರಾಮಮನೋಹರ ಲೋಹಿಯಾ ಅವರು ಬಂದು ಸೆರೆಯಾದರು. ಆ ಹೋರಾಟ ಹಾಕಿಕೊಟ್ಟ ದಾರಿಯಲ್ಲಿಯೇ ಮುಂದೆ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಉಳುವವನಿಗೆ ಭೂಮಿ ಕೊಡುವ ಕಾನೂನು ಬಿಗಿಯಾಯಿತು.

ಗೇಣಿ ಹೋಯಿತು, ಸಂತೋಷ. ಆದರೆ ಅಳೆಯುವ ಅಧಿಕಾರ ರೈತನ ಕೈಗೆ ಬಂದಿತೆ? ಅಂದು ಒಡೆಯನನ್ನು ಹೆಸರು ಹಿಡಿದು ಕರೆಯಬಹುದಾಗಿತ್ತು, ಅವನ ಮನೆಯ ಮುಂದೆ ಕೂರಬಹುದಾಗಿತ್ತು. ಇಂದು ಬೀಜದ ಬೆಲೆಯನ್ನು ಒಬ್ಬ ಕಟ್ಟುತ್ತಾನೆ, ಗೊಬ್ಬರದ ಬೆಲೆಯನ್ನು ಇನ್ನೊಬ್ಬ, ಡೀಸೆಲಿನದನ್ನು ಮತ್ತೊಬ್ಬ, ಕಾಳಿನದನ್ನು ಮಗದೊಬ್ಬ. ಇವರಲ್ಲಿ ಯಾರ ಮನೆಯೂ ರೈತನ ಊರಿನಲ್ಲಿಲ್ಲ. ಕೊಳ್ಳುವಾಗ "ಬೆಲೆ ಎಷ್ಟು?" ಎಂದು ಕೇಳುವವನೂ ರೈತ, ಮಾರುವಾಗ "ಎಷ್ಟು ಕೊಡುತ್ತೀರಿ?" ಎಂದು ಕೇಳುವವನೂ ರೈತ. ಈ ದೇಶದಲ್ಲಿ ಎರಡು ಕಡೆಯೂ ಕೈಚಾಚಿ ಬೆಲೆ ಕೇಳುವ ಉತ್ಪಾದಕ ಇವನೊಬ್ಬನೇ ಇರಬೇಕು.

ಬೀಜದಿಂದ ತೇವದವರೆಗೆ

ಹೊಸ ಬೇಸಾಯಕ್ಕೆ ನಾವು ವಿರೋಧಿಗಳಲ್ಲ. 1965-66ರಲ್ಲಿ ಅಮೆರಿಕದ ಗೋಧಿಯ ಹಡಗು ಯಾವಾಗ ಬಂದೀತೆಂದು ಈ ದೇಶ ಕಾದು ಕೂತಿತ್ತು. ಆ ದೈನ್ಯದಿಂದ ನಮ್ಮನ್ನು ಪಾರುಮಾಡಿದ್ದು ಹೊಸ ತಳಿ, ನೀರು ಮತ್ತು ಗೊಬ್ಬರ. ಅದನ್ನು ಅಲ್ಲಗಳೆಯುವವನು ಹಸಿವು ಕಂಡವನಲ್ಲ. ನಮ್ಮ ಪ್ರಶ್ನೆ ಬೇರೆ: ಆ ವಿದ್ಯೆ ಯಾರ ಸ್ವತ್ತಾಗಿತ್ತು, ಈಗ ಯಾರ ಸ್ವತ್ತಾಗಿದೆ?

ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಒಬ್ಬ ರೈತ ಅದನ್ನು ಬೆಳೆದು ಹಗೇವಿನಲ್ಲಿಟ್ಟರೆ ಮುಂದಿನ ವರ್ಷ ಅದೇ ಬೀಜ. ನೆರೆಯವನು ಕೇಳಿದರೆ ಅವನಿಗೂ ಒಂದು ಸೇರು. ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿ ಅವರು ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ 1972ರಲ್ಲಿ ವರಲಕ್ಷ್ಮಿ ತಳಿಯನ್ನು ಕೊಟ್ಟರು. ಅದು ಸಂಕರ ತಳಿಯಾದುದರಿಂದ ಬೀಜವನ್ನು ಪ್ರತಿವರ್ಷ ಕೊಳ್ಳಬೇಕಾಗಿತ್ತು, ದಿಟ. ಆದರೆ ಅದನ್ನು ಕಂಡುಹಿಡಿದ ಸಂಸ್ಥೆ ಜನರ ತೆರಿಗೆಯಿಂದ ನಡೆಯುವ ಸಂಸ್ಥೆ. ಕೇಳುವವರಿಗೆ ಅಲ್ಲಿ ಬಾಗಿಲಿತ್ತು.

2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ದೊರೆಯಿತು. ಮೊದಲ ವರ್ಷಗಳಲ್ಲಿ 450 ಗ್ರಾಮಿನ ಒಂದು ಪೊಟ್ಟಣದ ಬೆಲೆ 1,600 ರೂಪಾಯಿಗಳಷ್ಟಿತ್ತು. ಅದರಲ್ಲಿ ಬಹುಪಾಲು ಕಂಪನಿಯ ಸ್ವಾಮ್ಯದ ಶುಲ್ಕ. 2006ರಲ್ಲಿ ಆಂಧ್ರಪ್ರದೇಶದ ಸರಕಾರ ಏಕಸ್ವಾಮ್ಯದ ವಿರುದ್ಧ ದೂರು ಹೂಡಿ ಹಟ ಹಿಡಿದ ಮೇಲೆ ಪೊಟ್ಟಣ 750 ರೂಪಾಯಿಗೆ ಇಳಿಯಿತು. ಅಂದರೆ, ಸರಕಾರ ಮನಸ್ಸು ಮಾಡಿದರೆ ಕಂಪನಿಯ ಬೆಲೆಯನ್ನೂ ತಗ್ಗಿಸಬಹುದು. ಮೊದಲು ಕಾಯಿಕೊರಕವನ್ನು ತಡೆದ ಆ ಹತ್ತಿಗೆ ಮುಂದೆ ಗುಲಾಬಿ ಕಾಯಿಕೊರಕ ಒಗ್ಗಿಹೋಯಿತು. ರೈತ ಬೀಜಕ್ಕೂ ಹಣ ಕೊಟ್ಟ, ಮತ್ತೆ ಔಷಧಿಗೂ ಕೊಟ್ಟ.

ಮೆಕ್ಕೆಜೋಳದ್ದೂ ಇದೇ ಕಥೆ. ಕೂರಿಗೆ ಹಿಡಿದು ಬಿತ್ತುತ್ತಿದ್ದ ಜೋಳ, ರಾಗಿಯ ನಡುವೆ ಅಕ್ಕಡಿ ಸಾಲಿನ ಅವರೆ, ತೊಗರಿ, ಹುಚ್ಚೆಳ್ಳು — ಇವೆಲ್ಲ ಸರಿದು ಮೈಲಿಗಟ್ಟಲೆ ಒಂದೇ ಬೆಳೆ ನಿಂತಿದೆ. ಬೀಜ ವರ್ಷವರ್ಷವೂ ಅಂಗಡಿಯದು. 2018ರ ಮೇ ತಿಂಗಳಲ್ಲಿ ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ. ಒಂದೇ ಬೆಳೆಯ ನಾಡು ಹುಳುವಿಗೆ ಹಾಸಿಟ್ಟ ಎಲೆ.

ಗೊಬ್ಬರದ ನೀತಿಯನ್ನೂ ನೋಡಿ. 2010ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯ ಕಡಿವಾಣವನ್ನು ಸಡಿಲಿಸಿ, ಯೂರಿಯಾವನ್ನು ಮಾತ್ರ ಸರಕಾರದ ಬೆಲೆಯಲ್ಲಿ ಉಳಿಸಿದರು. 45 ಕೆ.ಜಿ. ಯೂರಿಯಾ ಚೀಲ 266 ರೂಪಾಯಿ 50 ಪೈಸೆ, 50 ಕೆ.ಜಿ. ಡಿಎಪಿ ಚೀಲ 1,350 ರೂಪಾಯಿ. ಬಡವನ ಕೈ ಯಾವ ಚೀಲದ ಕಡೆ ಹೋಗುತ್ತದೆ? ನೆಲದ ಸತ್ವ ಓರೆಯಾಯಿತು. ಆಮೇಲೆ ಅಧಿಕಾರಿಗಳು ಬಂದು, "ಯೂರಿಯಾ ಜಾಸ್ತಿ ಹಾಕುತ್ತೀರಿ, ನಿಮಗೆ ತಿಳಿವಳಿಕೆ ಇಲ್ಲ" ಎಂದು ಉಪದೇಶ ಕೊಡುತ್ತಾರೆ! ಆ ಅಗ್ಗದ ಯೂರಿಯಾಕ್ಕೂ 2025ರ ಮುಂಗಾರಿನಲ್ಲಿ ರಾಜ್ಯದ ಅನೇಕ ಊರುಗಳಲ್ಲಿ ಬೆಳಗಿನ ಜಾವದಿಂದ ಸಾಲು ನಿಲ್ಲಬೇಕಾಯಿತು.

ಇಷ್ಟೆಲ್ಲ ದಾಟಿ ಬೆಳೆ ಮಾರುಕಟ್ಟೆಗೆ ಬಂದಿತೆನ್ನಿ. ಬೆಂಬಲ ಬೆಲೆಯ ನಿಯಮದಂತೆ ಮೆಕ್ಕೆಜೋಳದ ತೇವ ನೂರಕ್ಕೆ 14 ಮೀರಬಾರದು. ಮೋಡ ಮುಚ್ಚಿದ ದಿನಗಳಲ್ಲಿ ಕಣವಿಲ್ಲದ ರೈತ ಡಾಂಬರು ರಸ್ತೆಯ ಅಂಚಿನಲ್ಲಿ ಕಾಳು ಹರವಿ, ರಾತ್ರಿ ಅದರ ಪಕ್ಕದಲ್ಲೇ ಮಲಗುತ್ತಾನೆ. ಕೊಳ್ಳುವವನು ತನ್ನ ತೇವದ ಯಂತ್ರವನ್ನು ಕಾಳಿಗೆ ಚುಚ್ಚಿ ಒಂದು ಅಂಕಿ ಓದುತ್ತಾನೆ. ಆ ಯಂತ್ರ ಅವನದು, ಅಂಕಿ ಅವನದು, ಸೂಟು ಕಡಿಯುವವನೂ ಅವನೇ. ಕಾಗೋಡಿನ ಕೊಳಗಕ್ಕೂ ಇದಕ್ಕೂ ಏನು ವ್ಯತ್ಯಾಸವೋ ನನಗೆ ಕಾಣದು.

ಒಂದೂವರೆ ಪಟ್ಟಿನ ಲೆಕ್ಕ

1965ರಲ್ಲಿ ಕೃಷಿ ಬೆಲೆ ಆಯೋಗ ಹುಟ್ಟಿತು. ಇಂದು 22 ಬೆಳೆಗಳಿಗೆ ಬೆಂಬಲ ಬೆಲೆ ಸಾರುತ್ತಾರೆ. ಸಾರುತ್ತಾರೆ, ಅಷ್ಟೇ. ಆ ಬೆಲೆಗಿಂತ ಕಡಿಮೆಗೆ ಕೊಳ್ಳಕೂಡದೆಂಬ ಕಾನೂನು ಇಲ್ಲ. ಸರಕಾರವೇ ನೇಮಿಸಿದ್ದ ಶಾಂತಕುಮಾರ್ ಸಮಿತಿ 2015ರಲ್ಲಿ ಹೇಳಿದ ಪ್ರಕಾರ ಬೆಂಬಲ ಬೆಲೆಗೆ ಸರಕಾರಕ್ಕೆ ಮಾರುವ ಭಾಗ್ಯ ನೂರರಲ್ಲಿ ಆರು ಮಂದಿ ರೈತರದು. ಉಳಿದ ತೊಂಬತ್ತನಾಲ್ಕು ಮಂದಿ ಅದನ್ನು ಪತ್ರಿಕೆಯಲ್ಲಿ ಓದಿ ತೃಪ್ತರಾಗಬೇಕು.

ಡಾ. ಎಂ. ಎಸ್. ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ರೈತ ಆಯೋಗವನ್ನು 2004ರಲ್ಲಿ ನೇಮಿಸಲಾಯಿತು. ಉತ್ಪಾದನಾ ವೆಚ್ಚದ ಮೇಲೆ ಕನಿಷ್ಠ ಅರ್ಧದಷ್ಟು ಸೇರಿಸಿ ಬೆಲೆ ಕೊಡಿ ಎಂದು ಅದು ಶಿಫಾರಸು ಮಾಡಿತು. 2018ರಲ್ಲಿ ಕೇಂದ್ರದ ಅರ್ಥಮಂತ್ರಿಗಳು, "ಇಗೋ, ಒಂದೂವರೆ ಪಟ್ಟು ಕೊಟ್ಟೆವು" ಎಂದು ಘೋಷಿಸಿದರು. ಲೆಕ್ಕ ಬಿಚ್ಚಿ ನೋಡಿದರೆ, ರೈತನ ಕೈಯಿಂದ ಹೋದ ಖರ್ಚನ್ನೂ ಮನೆಯವರ ದುಡಿಮೆಯನ್ನೂ ಮಾತ್ರ ಹಿಡಿದಿದ್ದಾರೆ. ಸ್ವಂತ ಭೂಮಿಯ ಗೇಣಿಯನ್ನೂ ಸ್ವಂತ ಬಂಡವಾಳದ ಬಡ್ಡಿಯನ್ನೂ ಬಿಟ್ಟಿದ್ದಾರೆ. ಅಂಗಡಿಕಾರ ಮಿತ್ರರೇ, ಅಂಗಡಿಯ ಬಾಡಿಗೆಯನ್ನೂ ಹಾಕಿದ ಹಣದ ಬಡ್ಡಿಯನ್ನೂ ಖರ್ಚಿಗೆ ಬರೆಯದೆ ಲಾಭ ಕಟ್ಟಿರೆಂದು ಯಾರಾದರೂ ನಿಮಗೆ ಹೇಳಿದರೆ ಏನೆನ್ನುವಿರಿ? ಅಂಥ ಲೆಕ್ಕವನ್ನು ದೆಹಲಿಯಲ್ಲಿ ರೈತನಿಗೆ ಬರೆದುಕೊಟ್ಟಿದ್ದಾರೆ.

ಲೋಹಿಯಾ ಅವರು ಬೆಲೆ ನಿಗದಿಯ ಚಳವಳಿಯನ್ನು ಸಾರಿದಾಗಲೂ ಈ ಒಂದೂವರೆ ಪಟ್ಟಿನ ಮಾತಿತ್ತು. ಕಾರ್ಖಾನೆಯ ಸರಕು ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟನ್ನು ಮೀರಕೂಡದು. ಧಾನ್ಯದ ಬೆಲೆ ಎರಡು ಸುಗ್ಗಿಗಳ ನಡುವೆ ಗೊತ್ತಾದ ಮಿತಿಯೊಳಗೆ ಇರಬೇಕು ಎಂಬುದು ಅವರ ವಾದ. ರೈತನಿಗೆ ಒಂದೂವರೆ ಪಟ್ಟು ತಳಗಟ್ಟು. ಕಾರ್ಖಾನೆಗೆ ಒಂದೂವರೆ ಪಟ್ಟು ಮೇಲ್ಚಾವಣಿ. ಸಮಾಜವಾದಿಗಳ ಕೃಷಿ ನೀತಿಯೆಲ್ಲ ಈ ಒಂದು ವಾಕ್ಯದಲ್ಲಿದೆ. ಈ ಎಪ್ಪತ್ತು ವರ್ಷಗಳಲ್ಲಿ ನಡೆದದ್ದು ಇದರ ತದ್ವಿರುದ್ಧ: ರೈತನಿಗೆ ಚಾವಣಿ ಹಾಕಿದರು, ಕಾರ್ಖಾನೆಗೆ ಆಕಾಶ ತೆರೆದರು.

ಹೊಲದ ಕಾಳು, ಮೋಟಾರಿನ ಹೊಟ್ಟೆ

"ಬೆಲೆ ಖಾತರಿ ಕೊಡಲು ಸಾಧ್ಯವಿಲ್ಲ, ಮಾರುಕಟ್ಟೆಗೆ ಬಿಡಬೇಕು" ಎಂದು ಅರ್ಥಪಂಡಿತರು ಹೇಳುತ್ತಾರೆ. ಹಾಗಾದರೆ ಎಥನಾಲಿಗೆ ಖಾತರಿ ಬೆಲೆ ಹೇಗೆ ಬಂದಿತು? ಮೆಕ್ಕೆಜೋಳದಿಂದ ಬಟ್ಟಿಯಿಳಿಸಿ ಪೆಟ್ರೋಲಿಗೆ ಬೆರೆಸುವ ಎಥನಾಲಿಗೆ ಲೀಟರಿಗೆ 71 ರೂಪಾಯಿ 86 ಪೈಸೆ ಎಂದು ಗೊತ್ತುಮಾಡಲಾಗಿದೆ. ಕೊಳ್ಳುವವರು ಸರಕಾರಿ ಎಣ್ಣೆ ಕಂಪನಿಗಳು. ಒಂದು ಕ್ವಿಂಟಾಲ್ ಮೆಕ್ಕೆಜೋಳದಿಂದ ಸುಮಾರು 38 ಲೀಟರ್ ಎಥನಾಲ್ ಇಳಿಯುತ್ತದೆ. ಗುಣಿಸಿ ನೋಡಿ: 2,700 ರೂಪಾಯಿ ದಾಟುತ್ತದೆ. ಉಳಿದ ಹಿಂಡಿ ಪಶು ಆಹಾರಕ್ಕೆ ಬೇರೆ ಮಾರಾಟ. ಬಟ್ಟಿಯಿಳಿಸುವ ಖರ್ಚು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ 2,400 ರೂಪಾಯಿಯ ಕಾಳು ಎಂದು ಲೆಕ್ಕ ಹಿಡಿದು ನಡೆಯಬೇಕಾದ ಉದ್ಯಮಕ್ಕೆ 1,700 ರೂಪಾಯಿಯ ಕಾಳು ಸಿಕ್ಕರೆ ನಡುವಿನ ಏಳುನೂರು ರೂಪಾಯಿ ಯಾರ ಜೇಬಿಗೆ ಹೋಗಿರಬೇಕು? ಯಂತ್ರದಿಂದ ಹೊರಬರುವ ಸರಕಿಗೆ ಖಾತರಿ, ಯಂತ್ರಕ್ಕೆ ಸುರಿಯುವ ಕಾಳಿಗೆ ಖಾತರಿಯಿಲ್ಲ!

ಇನ್ನೊಂದು ಲೆಕ್ಕವೂ ಇದೆ. 2023ರ ಜೂನಿನಲ್ಲಿ ಕರ್ನಾಟಕ ಸರಕಾರ ಪಡಿತರಕ್ಕಾಗಿ ಕೆ.ಜಿ.ಗೆ 34 ರೂಪಾಯಿ ಕೊಡುತ್ತೇವೆ, ಅಕ್ಕಿ ಕೊಡಿ ಎಂದು ಕೇಳಿತು. ಕೇಂದ್ರದ ಉಗ್ರಾಣ ಮುಚ್ಚಿತು. 2025ರ ಜನವರಿಯಲ್ಲಿ ಬಟ್ಟಿಕಾರ್ಖಾನೆಗಳಿಗೆ ಅದೇ ಉಗ್ರಾಣದ ಅಕ್ಕಿಯನ್ನು ಕೆ.ಜಿ.ಗೆ 22 ರೂಪಾಯಿ 50 ಪೈಸೆಗೆ ಇಳಿಸಲಾಯಿತು. ರಾಜ್ಯಗಳಿಗೂ ಆ ದರವನ್ನು ಆಗ ಅನ್ವಯಿಸಿದರು, ನಿಜ. ಆದರೆ ಹೊಟ್ಟೆ ಕೇಳಿದಾಗ ಇಲ್ಲವೆಂದ ಅಕ್ಕಿ, ಮೋಟಾರು ಕೇಳಿದಾಗ ಬೆಲೆ ಇಳಿಸಿಕೊಂಡು ಬಂದಿತು ಎಂಬುದನ್ನು ಗಿರಣಿಯ ಕೆಲಸಗಾರ ಮರೆಯಕೂಡದು.

ಹತ್ತಿ ಮತ್ತು ಗಿರಣಿ

ಈಗ ಎರಡನೆಯ ಮಾತಿಗೆ ಬರೋಣ: ರೈತನ ಲಾಭ ಕೆಲಸಗಾರನ ನಷ್ಟವೆ?

2025ರ ಆಗಸ್ಟಿನಲ್ಲಿ ಅಮೆರಿಕ ನಮ್ಮ ಸರಕುಗಳ ಮೇಲೆ ಶೇಕಡ 50ರ ಸುಂಕ ಹೇರಿತು. ಜವಳಿಯೂ ಅದರಲ್ಲಿ ಸೇರಿತ್ತು. ಹೊಡೆತ ಅಮೆರಿಕದ್ದು. ಅದನ್ನು ತಡೆಯಲು ದೆಹಲಿ ಮುಂದೆ ಒಡ್ಡಿದ್ದು ಹತ್ತಿ ರೈತನ ಬೆನ್ನನ್ನು. ಆಮದು ಹತ್ತಿಯ ಮೇಲಿದ್ದ ಶೇಕಡ 11ರ ಸುಂಕವನ್ನು ಆಗಸ್ಟ್ 19ರಿಂದ ತೆಗೆದುಹಾಕಿ, ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದು ಹೇಳಿ, ಆಮೇಲೆ ಡಿಸೆಂಬರ್ 31ರವರೆಗೆ ಎಳೆದರು. ನಮ್ಮ ಹತ್ತಿ ಬಿಡಿಸಿ ಮಾರುಕಟ್ಟೆಗೆ ಬರುವ ತಿಂಗಳುಗಳೇ ಅವು. ಗಿರಣಿಗೆ ಅಗ್ಗದ ಹತ್ತಿ ಬಂದರೆ ಕೆಲಸ ಉಳಿಯುತ್ತದೆ ಎಂದು ಮಾಲೀಕರು ಹೇಳಿದರು. ಒಳ್ಳೆಯದು, ಆ ಮೂರು-ನಾಲ್ಕು ತಿಂಗಳಲ್ಲಿ ನಿಮ್ಮ ಕೂಲಿ ಎಷ್ಟು ಏರಿತು? ಗುತ್ತಿಗೆಯವರಲ್ಲಿ ಎಷ್ಟು ಮಂದಿ ಖಾಯಂ ಆದರು? ನಿಮ್ಮ ಸಂಬಳದ ಚೀಟಿಯೇ ಉತ್ತರ ಹೇಳಲಿ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದ ಕಾಲವೊಂದಿತ್ತು. ಆ ಹತ್ತಿ ಗಿರಣಿಗಳಲ್ಲಿ ಬಹುಪಾಲು ಮುಚ್ಚಿಹೋದವು. ರೈತನಿಗೆ ಹೆಚ್ಚು ಬೆಲೆ ಕೊಟ್ಟು ಅವು ಮುಚ್ಚಿದುವೆಂದು ಯಾವನೂ ಹೇಳಲಾರ. ಗಿರಣಿಯೂ ಹೋಯಿತು, ಸುತ್ತಲ ಹೊಲಗಳಿಂದ ಹತ್ತಿಯೂ ಸರಿಯಿತು, ಮೆಕ್ಕೆಜೋಳ ಬಂದಿತು. ಹೊಲದಲ್ಲಿ ಹೊಟ್ಟೆ ತುಂಬದ ಹುಡುಗ ಇಂದು ಯಾವ ಗಿರಣಿಯ, ಯಾವ ಕಟ್ಟಡದ ಬಾಗಿಲಲ್ಲಾದರೂ ನಿಲ್ಲಲು ಸಿದ್ಧ. ಮಾಲೀಕ ಆ ಸಾಲನ್ನು ನಿಮಗೆ ತೋರಿಸಿ, "ಬೇಕಾದರೆ ಇರು, ಇಲ್ಲದಿದ್ದರೆ ಹೊರಡು" ಎನ್ನುತ್ತಾನೆ. ರೈತನ ಬೆಲೆ ಬಿದ್ದಾಗ ನಿಮ್ಮ ಕೂಲಿ ಬೀಳುವುದು ಹೀಗೆ.

ಅನ್ನ ತುಟ್ಟಿಯಾಗುತ್ತದೆ ಎಂಬ ಭಯವನ್ನೂ ಪರೀಕ್ಷಿಸೋಣ. ಮೆಕ್ಕೆಜೋಳ ಕೋಳಿಯ ಆಹಾರ. ಕಾಳಿನ ಬೆಲೆ ಕುಸಿದ ಆ ನವೆಂಬರಿನಲ್ಲಿ ನಿಮ್ಮ ಬೀದಿಯಲ್ಲಿ ಮೊಟ್ಟೆ ಅಗ್ಗವಾಗಿತ್ತೆ? ಹೊಲದಲ್ಲಿ ಇಳಿದ ಬೆಲೆ ಅಂಗಡಿಗೆ ಬರುವಷ್ಟರಲ್ಲಿ ದಾರಿ ತಪ್ಪುತ್ತದೆ. ಹೊಲದಲ್ಲಿ ಏರಿದ ಬೆಲೆ ಮಾತ್ರ ತಪ್ಪದೆ ಬರುತ್ತದೆ. ರೈತ ಸರಿಯಾದ ಬೆಲೆ ಪಡೆದೂ ಬಡವನ ತಟ್ಟೆ ತುಂಬಬಹುದೆಂಬುದಕ್ಕೆ ನಮ್ಮ ನಾಡಿನ ರಾಗಿಯೇ ಸಾಕ್ಷಿ. ಸರಕಾರ ರಾಗಿಯನ್ನು ಬೆಂಬಲ ಬೆಲೆಗೆ ಕೊಂಡು ಪಡಿತರದಲ್ಲಿ ಹಂಚುತ್ತದೆ. 2025-26ರ ಹಂಗಾಮಿಗೆ ಆ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಖರೀದಿ ಕೇಂದ್ರ ತೆರೆದ ಕಡೆ ಸಾರಿದ ಬೆಲೆಗೆ ಜೀವ ಬರುತ್ತದೆ.

ಸಣ್ಣ ವ್ಯಾಪಾರಿಗಳಿಗೆ ಹೆಚ್ಚು ಹೇಳಬೇಕಿಲ್ಲ. ಸುಗ್ಗಿ ಚೆನ್ನಾಗಿ ಮಾರಿದ ವರ್ಷ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಕಿರಾಣಿ ಅಂಗಡಿಗಳ ಮುಂದೆ ಹಳ್ಳಿಯ ಜನ ಹೇಗಿರುತ್ತಾರೆಂಬುದು ನಿಮಗೆ ಗೊತ್ತು. ಬೆಲೆ ಬಿದ್ದ ವರ್ಷ ನಿಮ್ಮ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಗೊಬ್ಬರದ ಸಣ್ಣ ಅಂಗಡಿಯವನನ್ನು ಕಂಡು ರೈತ ಬೈಯುತ್ತಾನೆ. ಯೂರಿಯಾ ಬೇಕಾದರೆ ಬೇಡದ ಡಬ್ಬಿಯನ್ನೂ ಕೊಂಡೊಯ್ಯೆಂದು ಮೇಲಿನ ಸಗಟುದಾರನೇ ಆ ಅಂಗಡಿಯವನ ಕೊರಳಿಗೆ ಕಟ್ಟಿರುತ್ತಾನೆ. ಇಬ್ಬರ ಜಗಳದಲ್ಲಿ ಮೂರನೆಯವನು ಕ್ಷೇಮ.

ರೈತರಿಗೂ ಒಂದು ಮಾತು

ಕೆಲಸಗಾರರ ಬೆಂಬಲ ಕೇಳುವ ರೈತ ಮುಂದಾಳುಗಳು ತಮ್ಮ ಹೊಲದ ಕೂಲಿಯವರನ್ನೂ ನೆನೆಯಬೇಕು. ಕಳೆ ತೆಗೆಯುವ, ತೆನೆ ಮುರಿಯುವ ಹೆಂಗಸಿಗೆ ಗಂಡಸಿಗಿಂತ ಕಡಿಮೆ ಕೂಲಿ ಕೊಡುವುದು ಇಂದಿಗೂ ಹಳ್ಳಿಗಳಲ್ಲಿ ವಾಡಿಕೆ. ಸಮಾನ ವೇತನದ ಕಾನೂನು ಬಂದದ್ದು 1976ರಲ್ಲಿ. ನ್ಯಾಯದ ಬೆಲೆ ಕೇಳುವವನು ನ್ಯಾಯದ ಕೂಲಿ ಕೊಡದಿದ್ದರೆ ಅವನ ಕೈಯಲ್ಲೂ ಒಂದು ದೊಡ್ಡ ಕೊಳಗವಿದೆ ಎಂದೇ ಅರ್ಥ.

ಭೂಮಿಯ ಮಾತೂ ಇದೆ. 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಶೇಕಡ 86 ಎರಡು ಹೆಕ್ಟೇರಿಗಿಂತ ಕಡಿಮೆ. 2020ರಲ್ಲಿ ನಮ್ಮ ವಿಧಾನಮಂಡಲ ಭೂಸುಧಾರಣಾ ಕಾನೂನಿನ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ಒಕ್ಕಲಲ್ಲದ ಹಣವಂತನಿಗೆ ಹೊಲ ಕೊಳ್ಳುವ ಬಾಗಿಲು ತೆರೆಯಿತು. ಬೆಲೆಯಲ್ಲಿ ಸೋತ ರೈತ ಮಾರುತ್ತಾನೆ; ಕೊಳ್ಳುವವನು ಕಾದಿದ್ದಾನೆ. ಅದೇ ವರ್ಷ ದೆಹಲಿಯಲ್ಲಿ ಮಾಡಿದ ಮೂರು ಕೃಷಿ ಕಾನೂನುಗಳನ್ನು ರೈತರು ವರ್ಷಕ್ಕೂ ಮಿಕ್ಕಿ ರಸ್ತೆಯಲ್ಲಿ ಕೂತು 2021ರಲ್ಲಿ ಹಿಂತೆಗೆಸಿದರು. ಕೂತರೆ ಕಾನೂನು ಅಲ್ಲಾಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಾವು ಕೇಳುವುದು

ಒಂದು: ಭೂಮಿಯ ಗೇಣಿ, ಬಂಡವಾಳದ ಬಡ್ಡಿ ಸೇರಿದ ಪೂರ್ಣ ವೆಚ್ಚದ ಒಂದೂವರೆ ಪಟ್ಟು ಬೆಂಬಲ ಬೆಲೆಯಾಗಲಿ, ಅದಕ್ಕೆ ಕಾನೂನಿನ ಬಲವಿರಲಿ.

ಎರಡು: ಖರೀದಿ ಕೇಂದ್ರಗಳು ಸುಗ್ಗಿಗೆ ಮುನ್ನ ತೆರೆಯಲಿ. ತಕ್ಕಡಿಯಂತೆಯೇ ತೇವದ ಯಂತ್ರಗಳನ್ನೂ ಸರಕಾರಿ ಅಧಿಕಾರಿಗಳು ಪರೀಕ್ಷಿಸಿ ಮುದ್ರೆ ಹಾಕಲಿ. ಪ್ರತಿ ಮಾರುಕಟ್ಟೆಯಲ್ಲಿ ಒಣಗಿಸುವ ಕಣ ಮತ್ತು ಉಗ್ರಾಣ ಇರಲಿ.

ಮೂರು: ಬೆಂಬಲ ಬೆಲೆಗೆ ಕಾಳು ಕೊಂಡ ರಸೀದಿ ತೋರಿಸಿದ ಬಟ್ಟಿಕಾರ್ಖಾನೆಗೆ ಮಾತ್ರ ಎಥನಾಲಿನ ಖಾತರಿ ಬೆಲೆ ದೊರೆಯಲಿ.

ನಾಲ್ಕು: ಬೀಜದ ಕೆಲಸ ಮತ್ತೆ ಕೃಷಿ ವಿಶ್ವವಿದ್ಯಾಲಯಗಳದಾಗಲಿ. ಬೀಜ ಉಳಿಸಿಕೊಳ್ಳಲು, ಹಂಚಿಕೊಳ್ಳಲು 2001ರ ಕಾನೂನು ರೈತನಿಗೆ ಕೊಟ್ಟ ಹಕ್ಕು ಹೊಲದಲ್ಲಿ ನಡೆಯುವಂತಾಗಲಿ. ರಾಗಿ, ಜೋಳಗಳ ಖರೀದಿ ಹೆಚ್ಚಲಿ.

ಐದು: ಗೊಬ್ಬರ, ಬೀಜ, ಔಷಧಿಗಳ ಕಾರ್ಖಾನೆ ಬೆಲೆಗೆ ವೆಚ್ಚದ ಒಂದೂವರೆ ಪಟ್ಟಿನ ಮೇಲ್ಮಿತಿ ಹಾಕಲಿ. ಹೊಲದ ಕೂಲಿ ಹೆಂಗಸಿಗೂ ಗಂಡಸಿಗೂ ಒಂದೇ ಆಗಲಿ.

ಇವನ್ನು ರೈತ ಒಬ್ಬನೇ ಕೇಳಿದರೆ ಅವನ ಸ್ವಾರ್ಥವೆನ್ನುತ್ತಾರೆ. ಗಿರಣಿಯ ಸಂಘ ಕೇಳಿದರೆ, ಅಂಗಡಿ ಬೀದಿ ಕೇಳಿದರೆ ಹಾಗೆನ್ನುವ ಬಾಯಿ ಮುಚ್ಚುತ್ತದೆ. ಮುಂದಿನ ಸುಗ್ಗಿಗೆ ಮುನ್ನ ಪ್ರತಿ ಮಾರುಕಟ್ಟೆಯ ಊರಿನಲ್ಲಿ ರೈತರು, ಹಮಾಲರು, ಗಿರಣಿ ಕೆಲಸಗಾರರು, ಸಣ್ಣ ವ್ಯಾಪಾರಿಗಳು ಸೇರಿದ ಬೆಲೆ ಸಮಿತಿಯೊಂದು ಹುಟ್ಟಬೇಕು. ಟೆಂಡರು ಆಗುವ ಹೊತ್ತಿಗೆ ಅದರ ಸದಸ್ಯರು ಪ್ರಾಂಗಣದಲ್ಲಿ ನಿಲ್ಲಬೇಕು, ತೇವದ ಅಂಕಿಯನ್ನು ಗಟ್ಟಿಯಾಗಿ ಓದಿಸಬೇಕು, ಬೆಂಬಲ ಬೆಲೆಗಿಂತ ಕಡಿಮೆಗೆ ಹೋದ ಪ್ರತಿ ಚೀಲವನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಕಾಗೋಡಿನವರು ಕೊಳಗವನ್ನು ಹಿಡಿದು ಪ್ರಶ್ನೆ ಕೇಳಿದಾಗ ಅವರ ಬಳಿ ಹಣವಿರಲಿಲ್ಲ, ಪತ್ರಿಕೆಗಳಿರಲಿಲ್ಲ, ಸಂಘವಿತ್ತು. ಅಷ್ಟು ನಮ್ಮಿಂದಲೂ ಆಗುತ್ತದೆ. ಗಿರಣಿಯ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತಿರಿ.